ಹಿಡಿ, ತಿರುಗು, ಕೊಡು

ನಾಲ್ಕು ಜನರ ಎದುರು ಮಾತಾಡುವುದು ನನ್ನಿಂದಾಗದ ಕೆಲಸ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ. ಆ ಏಳು ವರ್ಷಗಳಲ್ಲಿ ಮೇಷ್ಟ್ರು ನನ್ನ ಸ್ವರ ಕೇಳಿದ್ದು ಹಾಜರಿ ಕರೆಯುವಾಗ ಮಾತ್ರ. ಅದೂ ಕೆಲವು ದಿನ ಕೇಳಿಸದೆ ನನಗೆ ಗೈರುಹಾಜರಿ ಬಿದ್ದದ್ದುಂಟು. ನಾನು ಬೆಂಚಿನಲ್ಲೇ ಕೂತಿದ್ದೆ, ಹಾಜರಿ ಪುಸ್ತಕದಲ್ಲಿ ಮಾತ್ರ ಇರಲಿಲ್ಲ. ಮದುವೆಯಾದ ಮೇಲೆ ಆ ಕಷ್ಟವೂ ತಪ್ಪಿತು, ಯಾಕೆಂದರೆ ನಿಮ್ಮ ಅಜ್ಜ ಇಬ್ಬರ ಪಾಲಿನದ್ದನ್ನೂ ಮಾತಾಡುತ್ತಿದ್ದರು. ನೆಂಟರ ಮನೆಗೆ ಹೋದರೆ ನಾನು ಅವರ ಹಿಂದೆ ನಿಂತು ಸೆರಗು ಸರಿ ಮಾಡಿಕೊಳ್ಳುತ್ತಿದ್ದೆ. ಅವರು ಹೋಗಿ ಆರು ವರ್ಷವಾಯಿತು. ಹಿಂದೆ ನಿಲ್ಲಲು ಯಾರೂ ಇಲ್ಲದ ಮೇಲೂ ನನಗೆ ಮಾತು ಬರಲಿಲ್ಲ. ಅಬುಧಾಬಿಗೆ ಮಗನ ಮನೆಗೆ ಬಂದ ಮೇಲಂತೂ ಹಮ್ದಾನ್ ಸ್ಟ್ರೀಟಿನ ಲಿಫ್ಟಿನಲ್ಲಿ ಯಾರಾದರೂ ನಕ್ಕರೆ ನಾನು ಮಹಡಿಯ ನಂಬರು ನೋಡುತ್ತೇನೆ.

ಇಂಥ ನಾನು ಕಳೆದ ಶನಿವಾರ ಫುಟ್‌ಬಾಲ್ ಮೈದಾನದ ನಡುವೆ ನಿಂತು, ಐವತ್ತು ಜನರ ಮುಂದೆ ಭಾಷಣ ಮಾಡಿದೆ. ಈ ಕತೆಯನ್ನು ಮೊಮ್ಮಗಳು ನಿಶಾ ಇಂಗ್ಲಿಷಿನಲ್ಲಿ ಒಂದು ಥರ ಹೇಳುತ್ತಾಳೆ, ಅವಳ ತಂಗಿ ತನ್ವಿ ಅಭಿನಯ ಮಾಡಿ ಇನ್ನೊಂದು ಥರ ತೋರಿಸುತ್ತಾಳೆ. ತನ್ವಿಯ ಅಭಿನಯದಲ್ಲಿ ನಾನು ಸೀರೆ ಎತ್ತಿ ಕಟ್ಟಿ ಓಡುತ್ತೇನೆ. ಅದು ಸುಳ್ಳು, ನಾನು ನಡೆದೇ ಹೋದೆ. ಮುಂದೆ ಯಾವತ್ತಾದರೂ ನೀವು ಕನ್ನಡ ಓದಲು ಕಲಿತರೆ ನಿಜ ಏನೆಂದು ಗೊತ್ತಿರಲಿ ಎಂದು ಬರೆದಿಡುತ್ತಿದ್ದೇನೆ. ನಿಶಾ, ನಿನ್ನ ಹೆಸರನ್ನು ಯಾರೋ ಬೇರೆಯವರ ಹೆಸರಿನ ಹಾಗೆ ಬರೆದಿದ್ದೇನೆಂದು ಬೇಸರ ಮಾಡಬೇಡ. ನೀನು ಎದುರಿಗಿದ್ದೀಯೆಂದು ಅಂದುಕೊಂಡರೆ ನನಗೆ ಬರೆಯಲೂ ನಾಚಿಕೆಯಾಗುತ್ತದೆ.

ಮೊದಲು ಆಟ ಎಂಥದ್ದೆಂದು ಹೇಳಬೇಕು. ಹೆಸರು ಫುಟ್‌ಬಾಲ್, ಆದರೆ ಕಾಲಿಗೆ ಅದರಲ್ಲಿ ಓಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಅಮೆರಿಕದವರ ಆಟವಂತೆ. ಚೆಂಡು ದುಂಡಗಿರುವುದಿಲ್ಲ, ಸುಲಿಯದ ತೆಂಗಿನಕಾಯಿಯ ಹಾಗೆ ಎರಡೂ ತುದಿ ಚೂಪಗಿರುತ್ತದೆ. ನಿಶಾಳ ತಂಡದಲ್ಲಿ ಎಂಟು ಹುಡುಗಿಯರು, ಎಲ್ಲರ ಸೊಂಟಕ್ಕೂ ಬಣ್ಣದ ಪಟ್ಟಿ. ಚೆಂಡು ಹಿಡಿದು ಓಡುವವಳ ಪಟ್ಟಿ ಕಿತ್ತರೆ ಅವಳು ನಿಲ್ಲಬೇಕು. ಸಾಲಾಗಿ ನಿಂತವರಲ್ಲಿ ತುದಿಯಲ್ಲಿ ನಿಲ್ಲುವವಳಿಗೆ ಟೈಟ್ ಎಂಡ್ ಎನ್ನುತ್ತಾರೆ. ಅವಳಿಗೆ ಎರಡು ಕೆಲಸ. ಒಮ್ಮೆ ಎದುರಿನವರು ನುಗ್ಗದ ಹಾಗೆ ಅಡ್ಡ ನಿಲ್ಲಬೇಕು, ಇನ್ನೊಮ್ಮೆ ತಾನೇ ಓಡಿಹೋಗಿ ಬಂದ ಚೆಂಡು ಹಿಡಿಯಬೇಕು. ಇದನ್ನು ಮಗ ಸುರೇಶ ನನಗೆ ಅರ್ಧ ಗಂಟೆ ವಿವರಿಸಿದ. ನನಗೆ ಎರಡು ನಿಮಿಷದಲ್ಲೇ ಗೊತ್ತಾಗಿತ್ತು. ಮದುವೆಮನೆಯಲ್ಲಿ ಅಡುಗೆಕೋಣೆಯ ಬಾಗಿಲಲ್ಲಿ ನಿಲ್ಲುವ ಕಿರಿಯ ಸೊಸೆಯ ಕೆಲಸವೂ ಇದೇ. ಒಳಗೆ ನುಗ್ಗುವ ಮಕ್ಕಳನ್ನು ತಡೆಯಬೇಕು, ಒಳಗಿನಿಂದ ಬರುವ ಪಾತ್ರೆಯನ್ನೂ ಹಿಡಿಯಬೇಕು. ಎರಡೂ ಸರಿಯಾದರೆ ಅವಳನ್ನು ಯಾರೂ ನೋಡುವುದಿಲ್ಲ. ಸಾಂಬಾರು ಚೆಲ್ಲಿದರೆ ಎಲ್ಲರೂ ನೋಡುತ್ತಾರೆ.

ನಿಶಾ ಆ ತುದಿಯವಳು. ಅಡ್ಡ ನಿಲ್ಲುವುದರಲ್ಲಿ ಅವಳನ್ನು ಮೀರಿಸುವವರಿಲ್ಲ, ಆ ಗುಣ ಅವಳಿಗೆ ಮನೆಯಲ್ಲೂ ಇದೆ. ಆದರೆ ಚೆಂಡು ಮಾತ್ರ ಅವಳ ಕೈಗೆ ಬಂದು ಗೋಡೆಗೆ ಬಡಿದ ಹಾಗೆ ಹಿಂದಕ್ಕೆ ಹಾರುತ್ತಿತ್ತು. ಮೂರು ಪಂದ್ಯಗಳಲ್ಲಿ ಒಂದು ಚೆಂಡೂ ಅವಳ ಕೈಯಲ್ಲಿ ನಿಲ್ಲಲಿಲ್ಲ.

ಮೈದಾನದ ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂರುವ ಅಪ್ಪಂದಿರ ಒಂದು ಸಭೆ ಇದೆ. ಹುಡುಗಿಯರು ಆಡುತ್ತಾರೆ, ಇವರು ತೀರ್ಮಾನ ಮಾಡುತ್ತಾರೆ. ಸಭೆಯ ಮುಖ್ಯರು ಇಬ್ಬರು. ಒಬ್ಬ ಲ್ಯಾನ್ಸಿ, ಮಂಗಳೂರು ಕಡೆಯ ಕೊಂಕಣಿಯವನು, ಹೋಟೆಲೊಂದರ ಅಡುಗೆಮನೆಗೆ ಮುಖ್ಯಸ್ಥ. ಚೆಂಡು ಎಸೆಯುವ ಮೆಲಿಷಾ ಅವನ ಮಗಳು. ಇನ್ನೊಬ್ಬರು ಭುಜಂಗಣ್ಣ, ನಮ್ಮ ಊರಿನ ಪಕ್ಕದವರೇ, ದುಬೈಯ ನೈಫ್‌ನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾರೆ. ತಂಗಿಯ ಮಗಳು ತಂಡದಲ್ಲಿದ್ದಾಳೆಂದು ಪ್ರತಿ ಶನಿವಾರ ಅಷ್ಟು ದೂರದಿಂದ ಕಾರು ಬಿಟ್ಟುಕೊಂಡು ಬರುತ್ತಾರೆ. ಇಬ್ಬರೂ ಜನ್ಮದಲ್ಲಿ ಆ ಚೆಂಡು ಮುಟ್ಟಿದವರಲ್ಲ. ಎಲ್ಲ ಫೋನಿನಲ್ಲಿ ನೋಡಿ ಕಲಿತದ್ದು.

ಮೂರನೆಯ ಪಂದ್ಯ ಮುಗಿದ ದಿನ ಸಭೆ ಬಿಸಿಯಾಗಿತ್ತು. ನಾನು ಹಿಂದಿನ ಸಾಲಿನಲ್ಲಿ ಚಹಾದ ಥರ್ಮಾಸ್ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

"ನಮ್ಮ ಕಿಚನ್‌ನಲ್ಲಿ ತಂದೂರಿಯವ ರಜೆ ಹೋದ್ರೆ ಪಾತ್ರೆ ತೊಳೆಯುವವನನ್ನ ತಂದೂರಿಗೆ ನಿಲ್ಸುದಿಲ್ಲ," ಎಂದ ಲ್ಯಾನ್ಸಿ. "ಹೊರಗಿಂದ ಜನ ತರ್ಬೇಕು. ಆ ಏವಾ ಅಂತ ಹೊಸ ಹುಡುಗಿ ಉಂಟಲ್ಲ, ಅಮೆರಿಕದವಳು. ಆರಡಿ ಹತ್ರ ಹತ್ರ ಇದ್ದಾಳೆ. ಕೈ ಎತ್ತಿದ್ರೆ ಸಾಕು."

"ಹೈಟ್ ಎಂತಕ್ಕೆ ಮಾರಾಯ, ಬಲ್ಬ್ ಹಾಕ್ಲಿಕ್ಕಾ?" ಎಂದರು ಭುಜಂಗಣ್ಣ. "ನಾನು ಹೇಳುದು ಆ ಜಾಗವೇ ಬೇಡ ಅಂತ. ತುದಿಯಲ್ಲಿ ಒಬ್ಬಳನ್ನ ನಿಲ್ಸಿ ನಮಗೆ ಎಂತ ಸಿಕ್ತು? ತೆಗ್ದು ಬಿಡಿ. ಇಬ್ರು ಓಡುವವರನ್ನ ಹಾಕಿ. ಪೀಸ್ ಸರಿ ಇಲ್ಲ ಅಂದ್ರೆ ಪೀಸ್ ಬದ್ಲಿಸ್ಬೇಕು, ರಿಪೇರಿ ಮಾಡ್ತಾ ಕೂತ್ರೆ ಅಂಗಡಿ ಖಲಾಸ್."

ಇಷ್ಟು ಹೇಳಿದ ಮೇಲೆ ಇಬ್ಬರಿಗೂ ನೆನಪಾಯಿತು, ಆ ಪೀಸ್‌ನ ಅಪ್ಪ ಪಕ್ಕದಲ್ಲೇ ಕೂತಿದ್ದಾನೆಂದು. ಇಬ್ಬರೂ ಸುರೇಶನ ಮುಖ ನೋಡಿದರು. ಅವನು ಮಗಳ ಪರವಾಗಿ ಒಂದು ಮಾತು ಹೇಳುತ್ತಾನೆಂದು ನಾನೂ ಕಾದೆ. ಆದರೆ ನಮ್ಮ ಮನೆಯಲ್ಲಿ ಒಂದು ರೋಗವಿದೆ. ನಮ್ಮ ಮಕ್ಕಳನ್ನು ಹೊರಗಿನವರ ಎದುರು ಹೊಗಳಬಾರದು, ಯಾರಾದರೂ ಹೊಗಳಿದರೂ ಅಲ್ಲೇ ಎರಡು ತಪ್ಪು ಹೇಳಿ ಸರಿದೂಗಿಸಬೇಕು. ಸುರೇಶ ಪರೀಕ್ಷೆಯಲ್ಲಿ ಇಡೀ ಶಾಲೆಗೇ ಮೊದಲಿಗನಾದಾಗ, ಹೊಗಳಿದ ಮೇಷ್ಟ್ರಿಗೆ, "ಅವನು ಹಲ್ಲು ಸರಿಯಾಗಿ ಉಜ್ಜುವುದಿಲ್ಲ" ಎಂದವಳು ನಾನೇ. ಅದರ ಫಲ ಈಗ ಸಿಕ್ಕಿತು. ಸುರೇಶ ಗಂಟಲು ಸರಿಮಾಡಿಕೊಂಡು, "ನನ್ನ ಮಗಳು ಅಂತ ನೀವು ನೋಡುದು ಬೇಡ. ಏವಾನ್ನೇ ಹಾಕ್ಲಿ. ನಾನೇ ಕೋಚ್ ಹತ್ರ ಹೇಳ್ತೇನೆ" ಎಂದ. ಸಭೆ ಅವನ ದೊಡ್ಡತನವನ್ನು ಮೆಚ್ಚಿ ತಲೆಯಾಡಿಸಿತು. ಇನ್ನೆರಡು ವಾರ ಬಿಟ್ಟು ಮುಂದಿನ ಪಂದ್ಯ. ಅದನ್ನು ನೋಡಿ ತೀರ್ಮಾನಿಸುತ್ತೇನೆ ಎಂದು ಕೋಚ್ ಮೇಡಂ ಹೇಳಿದರಂತೆ.

ನಿಶಾಳ ಕೈಯಲ್ಲಿ ತಪ್ಪು ಎಲ್ಲಿದೆಯೆಂದು ನನಗೆ ಅಲ್ಲೇ ಕಂಡಿತ್ತು. ಚೆಂಡು ಬರುವಾಗ ಅವಳ ಎರಡೂ ಕೈ ಮರದ ಹಲಗೆಯ ಹಾಗೆ ಬಿಗಿಯಾಗಿ ಅದರ ಎದುರು ಹೋಗುತ್ತಿದ್ದವು. ಹೇಳಬೇಕೆಂದು ಎರಡು ಸಲ ಕೆಮ್ಮಿದೆ. ಲ್ಯಾನ್ಸಿ ತಿರುಗಿ, "ಅಮ್ಮನಿಗೆ ನೀರು ಕೊಡಿ" ಎಂದ. ನೀರು ಕುಡಿದು ಸುಮ್ಮನಾದೆ.

ಮನೆಗೆ ಬಂದ ಮೇಲೆ ನಿಶಾ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀರಿನ ಸದ್ದು ನಿಂತ ಮೇಲೂ ಹೊರಗೆ ಬರಲಿಲ್ಲ. ನಾನು ಬಾಗಿಲ ಹೊರಗೆ ಟವೆಲ್ ಹಿಡಿದು ನಿಂತೆ. ಕೊನೆಗೆ ಬಂದಳು, ಕಣ್ಣು ಕೆಂಪಾಗಿತ್ತು. "ದೇ ವಿಲ್ ಟೇಕ್ ಏವಾ, ಅಜ್ಜಿ. ಈವನ್ ಪಪ್ಪಾ ಸೆಡ್ ಸೋ" ಎಂದಳು. ಇಂಗ್ಲಿಷ್ ನನಗೆ ಅಷ್ಟಕ್ಕಷ್ಟೆ. ಆದರೆ ಪಪ್ಪಾ ಎನ್ನುವಾಗ ಅವಳ ತುಟಿ ನಡುಗಿದ್ದು ಅರ್ಥವಾಯಿತು. ನಾನು ಜೀವನದಲ್ಲಿ ಮೂರೋ ನಾಲ್ಕೋ ಸಲ ಹಟ ಹಿಡಿದಿರಬಹುದು. ಅದರಲ್ಲಿ ಇದೊಂದು. "ಸೋಮವಾರ ಶಾಲೆ ಮುಗಿಸಿ ಬಾ. ನಾನು ಕಲಿಸ್ತೇನೆ" ಎಂದೆ. ಅವಳು ಅಳುವುದನ್ನು ನಿಲ್ಲಿಸಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಲ್ಯಾನ್ಸಿಯ ಸಭೆಗಿಂತ ಆ ನೋಟವೇ ಕಠಿಣವಾಗಿತ್ತು.

ನನಗೆ ಗೊತ್ತಿದ್ದದ್ದು ಚೆಂಡಲ್ಲ, ಹಂಚು. ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಮಾಡಿನ ಹಂಚು ಇಳಿಸಿ, ಪಾಚಿ ಉಜ್ಜಿ ತೆಗೆದು, ಒಡೆದದ್ದಕ್ಕೆ ಹೊಸತು ಸೇರಿಸಿ ಮತ್ತೆ ಹೊದಿಸುವ ಕ್ರಮ ಇತ್ತು. ಅಂಗಳದ ರಾಶಿಯಿಂದ ಏಣಿಯವರೆಗೆ ಜನ ಸಾಲಾಗಿ ನಿಲ್ಲುತ್ತಿದ್ದರು. ಒಬ್ಬರು ಎಸೆದದ್ದನ್ನು ಮುಂದಿನವರು ಹಿಡಿದು, ತಿರುಗಿ, ಅವರ ಮುಂದಿನವರಿಗೆ ಕೊಡುವುದು. ಹತ್ತನೆಯ ವಯಸ್ಸಿನಿಂದ ಮದುವೆಯವರೆಗೆ ಏಣಿಯ ಬುಡದ ಜಾಗ ನನ್ನದು. ಸಾಲಿನ ತುದಿ. ಹಂಚು ಹೊದಿಸಲು ಬರುತ್ತಿದ್ದ ಸೇಸಪ್ಪ ಮಾವ ಮಾಡಿನ ಮೇಲೆ ಕೂತು ಹೇಳುತ್ತಿದ್ದ ಪಾಠ ಒಂದೇ: "ಹಂಚಿನ ಎದುರು ಕೈ ಹೋಗಬಾರದು ಮಗಾ, ಹಂಚಿನ ಜೊತೆ ಕೈ ಹಿಂದೆ ಬರಬೇಕು." ಬರುವ ವಸ್ತುವನ್ನು ನಿಲ್ಲಿಸಲು ಹೋದರೆ ಹಂಚೂ ಒಡೆಯುತ್ತದೆ, ಬೆರಳೂ ಒಡೆಯುತ್ತದೆ. ಸ್ವಲ್ಪ ದೂರ ಅದರ ಜೊತೆ ಹೋದರೆ ಅದೇ ಕೈಯಲ್ಲಿ ಕೂರುತ್ತದೆ. ಆ ಹತ್ತು ವರ್ಷಗಳಲ್ಲಿ ನನ್ನ ಕೈಯಿಂದ ಒಡೆದದ್ದು ಎರಡೇ ಹಂಚು. ಅದರಲ್ಲಿ ಒಂದು, ನಿಮ್ಮ ಅಜ್ಜ ಮೊದಲ ಸಲ ಹೆಣ್ಣು ನೋಡಲೆಂದು ಅಂಗಳಕ್ಕೆ ಬಂದು ನಿಂತದ್ದರಿಂದ.

ಅಬುಧಾಬಿಯ ಏಳನೆಯ ಮಹಡಿಯಲ್ಲಿ ಹಂಚು ಎಲ್ಲಿಂದ ತರುವುದು? ಸೋಫಾದ ದಿಂಬಿನಲ್ಲಿ ಶುರು ಮಾಡಿದೆವು. ದಿಂಬು ಬಿದ್ದರೆ ಯಾರಿಗೂ ಭಯವಿಲ್ಲ, ಭಯವಿಲ್ಲದಿದ್ದರೆ ಕೈ ಕಲಿಯುವುದಿಲ್ಲ. ಕೊನೆಗೆ ಅಡುಗೆಮನೆಯಿಂದ ಕುಚ್ಚಲಕ್ಕಿಯ ಎರಡು ಕಿಲೋ ಪ್ಯಾಕೆಟ್ ತಂದೆ. ಭಾರ ಸರಿ, ಉದ್ದಗಲ ಸರಿ, ಬಿದ್ದರೆ ಒಡೆಯುತ್ತದೆ ಎನ್ನುವ ಹೆದರಿಕೆಯೂ ಸರಿ. ಕೋಣೆಗಳ ನಡುವಿನ ಓಣಿಯಲ್ಲಿ ನಾನು ಈ ತುದಿ, ನಡುವೆ ನಿಶಾ, ಆ ತುದಿಯಲ್ಲಿ ತನ್ವಿ. ನಾನು ಎಸೆಯುವುದು, ನಿಶಾ ಹಿಡಿದು ತಿರುಗಿ ತನ್ವಿಗೆ ಕೊಡುವುದು. ತಾಳ ತಪ್ಪಬಾರದೆಂದು ನಾನು ಹೇಳುತ್ತಲೇ ಇರುತ್ತಿದ್ದೆ: ಹಿಡಿ, ತಿರುಗು, ಕೊಡು. ಹಿಡಿ, ತಿರುಗು, ಕೊಡು.

ಎರಡನೆಯ ದಿನವೇ ಒಂದು ಪ್ಯಾಕೆಟ್ ಒಡೆಯಿತು. ಒರೆಸಿ, ಗುಡಿಸಿ, ಸೋಫಾ ಎಳೆದು, ಎಲ್ಲ ತೆಗೆದೆವು ಎಂದುಕೊಂಡೆವು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಸೊಸೆ ಶೈಲಜಾ ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಇಟ್ಟವಳು ನಿಂತಳು. ಕಾಲೆತ್ತಿ ಅಂಗಾಲಿನಿಂದ ಒಂದು ಅಕ್ಕಿಕಾಳು ಬಿಡಿಸಿ ಬೆಳಕಿಗೆ ಹಿಡಿದಳು.

"ಅತ್ತೆ, ಅಡುಗೆ ಈಗ ಹಾಲ್‌ನಲ್ಲಾ?"

"ಜಾರಿತು," ಎಂದೆ.

"ಕಿಚನ್‌ನಿಂದ ಇಲ್ಲಿವರೆಗೆ ಜಾರಿತಾ?"

ಮಕ್ಕಳು ನನ್ನನ್ನು ನೋಡಿದರು, ನಾನು ಮಹಡಿಯ ನಂಬರು ಹುಡುಕಿದೆ. ಆದರೆ ಶೈಲಜಾ ಒಳ್ಳೆಯವಳು. ಮರುದಿನ ಅಕ್ಕಿ ಪ್ಯಾಕೆಟ್ಟಿಗೆ ಸುತ್ತಲೂ ದಪ್ಪ ಟೇಪು ಅಂಟಿಸಿಟ್ಟು ಡ್ಯೂಟಿಗೆ ಹೋಗಿದ್ದಳು. ಬ್ಯಾಂಡೇಜ್ ಸುತ್ತಿದ ಹಾಗೆ ಅಚ್ಚುಕಟ್ಟಾಗಿತ್ತು.

ಹತ್ತು ದಿನ ಬಿಡದೆ ಮಾಡಿದೆವು. ನನ್ನ ಭುಜ ಊದಿಕೊಂಡು ರಾತ್ರಿ ಎಣ್ಣೆ ಹಚ್ಚಿಕೊಳ್ಳಬೇಕಾಯಿತು, ಆದರೂ ಮರುದಿನ ನಾಲ್ಕು ಗಂಟೆಗೆ ಓಣಿಯಲ್ಲಿ ಹಾಜರಿರುತ್ತಿದ್ದೆ. ಈ ಹಾಜರಿ ಮಾತ್ರ ಎಲ್ಲರಿಗೂ ಕೇಳಿಸುತ್ತಿತ್ತು. ಕೊನೆಗೆ ನಿಶಾಳ ಕೈ ಎಷ್ಟು ಮೆತ್ತಗಾಯಿತೆಂದರೆ, ಬೇರೆ ಕಡೆ ನೋಡುತ್ತಾ ತಂಗಿಯೊಡನೆ ಜಗಳ ಮಾಡುತ್ತಲೇ ಪ್ಯಾಕೆಟ್ ಹಿಡಿದು, ತಿರುಗಿ, ಕೊಟ್ಟುಬಿಡುತ್ತಿದ್ದಳು. ಕೊನೆಯ ದಿನ ಅವಳಿಗೆ ನೀರಿನ ಲೋಟ ಕೊಟ್ಟರೆ ಅದನ್ನೂ ತಿರುಗಿ ತನ್ವಿಗೆ ಕೊಟ್ಟಳು. ನಾವು ಮೂವರೂ ನಕ್ಕೆವು. ಆಗಲೇ ನನಗೆ ಹೊಳೆಯಬೇಕಿತ್ತು.

ಶನಿವಾರ ಬಂತು. ಆ ದಿನ ಶೈಲಜಾಳಿಗೂ ರಜೆ, ಎಲ್ಲರೂ ಹೋದೆವು. ಹಳದಿ ಅಂಗಿಯವರ ಜೊತೆ ಪಂದ್ಯ. ಸಭೆ ಮೊದಲೇ ಸೇರಿತ್ತು. ಏವಾ ಪಟ್ಟಿ ಕಟ್ಟಿಕೊಂಡು ಹೊರಗೆ ಕಾಯುತ್ತಿದ್ದಳು. ಪಾಪ, ಒಳ್ಳೆಯ ಹುಡುಗಿ, ನನ್ನನ್ನು ನೋಡಿ ಕೈ ಬೀಸಿದಳು. ನಾನು ಅವಳ ಮೇಲೆ ಕೋಪ ಮಾಡಿಕೊಳ್ಳಬೇಕೆಂದು ಬಂದವಳು, ಕೈ ಬೀಸಬೇಕಾಯಿತು.

ಸ್ವಲ್ಪ ಹೊತ್ತಿಗೆ ಮೆಲಿಷಾ ದೂರದಿಂದ ಒಂದು ಚೆಂಡು ಎಸೆದಳು. ಬಾಣದ ಹಾಗೆ ಬಂತು. ನಿಶಾ ಓಡಿದಳು, ಕೈ ಚಾಚಿದಳು, ಚೆಂಡಿನ ಜೊತೆ ಕೈ ಹಿಂದೆ ಬಂತು, ಚೆಂಡು ಎದೆಯ ಹತ್ತಿರ ಬಂದು ಕೂತಿತು. ಸೇಸಪ್ಪ ಮಾವ ನೋಡಬೇಕಿತ್ತು. ಸುರೇಶ ಕುರ್ಚಿಯಿಂದ ಅರ್ಧ ಎದ್ದ. ನಿಶಾ ತಿರುಗಿದಳು. ತಿರುಗಿ, ಪಕ್ಕಕ್ಕೆ ಓಡಿಬಂದಿದ್ದ ಹಳದಿ ಅಂಗಿಯ ಹುಡುಗಿಗೆ, ಎರಡೂ ಕೈಯಿಂದ, ಬಹಳ ಮರ್ಯಾದೆಯಿಂದ, ಚೆಂಡು ಕೊಟ್ಟಳು.

ಆ ಹುಡುಗಿ ಥ್ಯಾಂಕ್ ಯೂ ಎಂದಳಂತೆ. ಆಮೇಲೆ ಅವಳಿಗೂ ನೆನಪಾಗಿ ಓಡಿದಳು. ಯಾರೂ ಅವಳನ್ನು ಹಿಡಿಯಲಿಲ್ಲ, ನಮ್ಮವರೆಲ್ಲ ನಿಶಾಳನ್ನು ನೋಡುತ್ತಾ ನಿಂತಿದ್ದರು. ಆರು ಅಂಕ ಆಚೆಯವರಿಗೆ ಹೋಯಿತು.

"ಹಿಡಿದದ್ದನ್ನ ಕೊಡುದಾ?" ಎಂದರು ಭುಜಂಗಣ್ಣ. "ನಮ್ಮ ಅಂಗಡಿಯಲ್ಲಿ ಡಿಸ್ಕೌಂಟ್ ಕೇಳಿದ್ರೂ ಇಷ್ಟು ಪ್ರೀತಿಯಲ್ಲಿ ಕೊಡುದಿಲ್ಲ."

"ಬಫೆ ಅಂತ ಎಣಿಸಿದ್ಲು ಕಾಣ್ತದೆ," ಎಂದ ಲ್ಯಾನ್ಸಿ.

ಅರ್ಧ ಎದ್ದಿದ್ದ ಸುರೇಶ ಮತ್ತೆ ಕೂತ. ಅರ್ಧ ಆಟ ಮುಗಿದ ಸೀಟಿ ಕೇಳುತ್ತಲೇ, "ಖಲಾಸ್. ನಾನೇ ಹೋಗಿ ಏವಾನ್ನ ಹಾಕ್ಲಿಕ್ಕೆ ಹೇಳ್ತೇನೆ" ಎಂದು ಎದ್ದ. ಆಚೆ ನಿಶಾ ಹುಲ್ಲಿನ ಮೇಲೆ ಒಬ್ಬಳೇ ಕೂತು ತನ್ನ ಎರಡು ಕೈಗಳನ್ನು ನೋಡಿಕೊಳ್ಳುತ್ತಿದ್ದಳು. ಆ ಕೈ ಅವಳದಲ್ಲ, ನನ್ನದು ಎಂದು ನನಗೆ ಮಾತ್ರ ಗೊತ್ತಿತ್ತು. ನಾನು ಸುಮ್ಮನಿದ್ದರೆ ಅವಳು ಯಾವತ್ತೂ ಹೇಳುವುದಿಲ್ಲ, ಅದೂ ಗೊತ್ತಿತ್ತು. ಅವಳು ನಮ್ಮ ಮನೆಯವಳು.

ಎದ್ದೆ. ಕುರ್ಚಿಯಿಂದ ಕೋಚ್ ಮೇಡಂ ನಿಂತಲ್ಲಿಗೆ ಹೆಚ್ಚೆಂದರೆ ಮೂವತ್ತು ಹೆಜ್ಜೆ. ಅಷ್ಟರಲ್ಲಿ ನಾಲ್ಕು ಸಲ ಹಿಂದೆ ಹೋಗೋಣವೆನ್ನಿಸಿತು. ಮಡಿಲಲ್ಲಿದ್ದ ಥರ್ಮಾಸ್ ಕೈಯಲ್ಲೇ ಇತ್ತು, ಇಟ್ಟು ಬರಲು ಮರೆತಿದ್ದೆ. ಹಿಂದಿನಿಂದ ಭುಜಂಗಣ್ಣ, "ಗಿರಿಜಕ್ಕ, ಚಾಯ ಆಮೇಲೆ ಕೊಡುವ" ಎಂದರು. ಹೋಗಿ ನಿಂತೆ. ಕೋಚ್ ಮೇಡಂ ನನ್ನನ್ನು ನೋಡಿದರು, ಹುಡುಗಿಯರು ನೋಡಿದರು, ಹಳದಿಯವರೂ ನೋಡಿದರು.

"ತಪ್ಪು ನನ್ನದು," ಎಂದೆ. ಸ್ವರ ಇಷ್ಟು ದೊಡ್ಡದಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. "ಸುರೇಶ, ಇವರಿಗೆ ಇಂಗ್ಲಿಷ್‌ನಲ್ಲಿ ಹೇಳು."

"ಅಮ್ಮ, ಈಗ ಬೇಡ. ಎಲ್ರೂ ನೋಡ್ತಿದ್ದಾರೆ."

"ನೋಡ್ಲಿ. ಹೇಳು. ಹಿಡಿಲಿಕ್ಕೆ ಕಲಿಸಿದ್ದೂ ನಾನು, ಕೊಡು ಅಂತ ಕಲಿಸಿದ್ದೂ ನಾನು. ಹಂಚು ಅಂದ್ರೆ ಏನು ಅಂತ ಮೊದ್ಲು ಹೇಳು."

ಸುರೇಶ ಹೇಳಿದ. ಹಂಚಿಗೆ ಅವನು ಏನು ಇಂಗ್ಲಿಷ್ ಮಾಡಿದನೋ, ಮೇಡಂ ಆಕಾಶ ನೋಡಿದರು. ಇದು ಬಾಯಿಮಾತಿನಲ್ಲಿ ಆಗುವುದಲ್ಲವೆಂದು ನಾನು ಥರ್ಮಾಸನ್ನು, ನನ್ನ ಹಿಂದೆಯೇ ಬಂದು ನಿಂತಿದ್ದ ಲ್ಯಾನ್ಸಿಗೆ ಕೊಟ್ಟು, ಹತ್ತು ಹೆಜ್ಜೆ ಹಿಂದೆ ನಿಂತು, "ಎಸಿ" ಎಂದೆ.

"ಅಮ್ಮ, ಚಾಯ ಉಂಟು ಇದ್ರಲ್ಲಿ."

"ಎಸಿ ಮಾರಾಯ."

ಎಸೆದ. ಕೈ ಅದರ ಜೊತೆ ಹಿಂದೆ ಬಂತು, ಹಿಡಿದೆ, ತಿರುಗಿದೆ, ಮೇಡಂ ಕೈಗೆ ಕೊಟ್ಟೆ. ಒಳಗಿನ ಚಹಾ ಕೂಡ ಅಲುಗಿದ ಹಾಗೆ ಕಾಣಲಿಲ್ಲ. ಮೇಡಂ ಒಂದು ಗಳಿಗೆ ಥರ್ಮಾಸನ್ನೂ ನನ್ನನ್ನೂ ನೋಡಿ, ಅದನ್ನು ಲ್ಯಾನ್ಸಿಗೇ ತಿರುಗಿ ಎಸೆದರು. ಅವನು ಹಲಗೆಯ ಹಾಗೆ ಕೈ ಚಾಚಿದ. ಥರ್ಮಾಸ್ ಹುಲ್ಲಿನ ಮೇಲೆ ಬಿತ್ತು, ಮುಚ್ಚಳ ಒಂದು ಕಡೆ, ಚಹಾ ಒಂದು ಕಡೆ. ಈಗ ಯಾರಿಗೂ ಅನುವಾದ ಬೇಕಾಗಲಿಲ್ಲ.

ಮೇಡಂ ನಿಶಾಳನ್ನು ಕರೆದು ಮೂರು ಬೆರಳು ಎತ್ತಿದರು. ಮೊದಲಿನ ಎರಡನ್ನು ಮುಟ್ಟಿ ಚೆನ್ನಾಗಿದೆ ಎಂದರು. ಮೂರನೆಯದನ್ನು ಮಡಚಿ, ಅದನ್ನು ನಾನೇ ಹೇಳಬೇಕೆನ್ನುವ ಹಾಗೆ ನನ್ನ ಕಡೆ ನೋಡಿದರು.

"ಹಿಡಿ," ಎಂದೆ. "ತಿರುಗು. ಖಲಾಸ್."

ಆ ಕೊನೆಯ ಮಾತು ಈ ಊರಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಹಳದಿಯವರಿಗೂ ಅರ್ಥವಾಯಿತು, ಅವರ ಮುಖ ಸ್ವಲ್ಪ ಸಣ್ಣದಾಯಿತು.

ಆಮೇಲಿನ ಆಟದಲ್ಲಿ ನಿಶಾ ಎರಡು ಚೆಂಡು ಹಿಡಿದಳು. ಎರಡನೆಯದನ್ನು ಹಿಡಿದು ತಿರುಗಿ ಓಡಿದವಳು ಗೆರೆ ದಾಟುವವರೆಗೆ ನಿಲ್ಲಲಿಲ್ಲ. ಸೀಟಿ ಊದಿ ರೆಫ್ರಿ ಬಂದು ಚೆಂಡು ಕೇಳಿದರೆ ಅವನಿಗೂ ಕೊಡಲಿಲ್ಲ. ಮೆಲಿಷಾ ಬಂದು ಬಿಡಿಸಬೇಕಾಯಿತು. ಪಂದ್ಯ ಸೋತೆವು. ಎಷ್ಟರಲ್ಲಿ ಎಂದರೆ ಸರಿಯಾಗಿ ಆರು ಅಂಕದಲ್ಲಿ. ಅದು ಯಾರ ಆರೆಂದು ಮೈದಾನದಲ್ಲಿ ಎಲ್ಲರಿಗೂ ಗೊತ್ತಿತ್ತು, ಆದರೆ ಯಾರೂ ನನ್ನ ಮುಖ ನೋಡಿ ಹೇಳಲಿಲ್ಲ. ಮೇಡಂ ನಿಶಾಳನ್ನು ಅದೇ ತುದಿಯಲ್ಲಿ ಉಳಿಸಿ ಏವಾಗೆ ಸಾಲಿನ ಇನ್ನೊಂದು ತುದಿ ಕೊಟ್ಟರು. ಸಾಲಿಗೆ ಎರಡು ತುದಿ ಇರುತ್ತದೆ ಎನ್ನುವುದು ಅಷ್ಟು ವಾರ ಚರ್ಚೆ ಮಾಡಿದ ಸಭೆಗೆ ಹೊಳೆದೇ ಇರಲಿಲ್ಲ. ಭುಜಂಗಣ್ಣ ಮಾತ್ರ ಕುರ್ಚಿ ಮಡಚುತ್ತಾ, "ನಾನು ಮೊದ್ಲೇ ಹೇಳಿದ್ದೆ, ಸ್ವಲ್ಪ ರಿಪೇರಿ ಮಾಡಿದ್ರೆ ಸಾಕು ಅಂತ" ಎಂದರು. ಸುರೇಶ ಮಗಳ ತಲೆಯ ಮೇಲೆ ಕೈಯಿಟ್ಟು, "ಪರವಾಗಿಲ್ಲ. ಓಡುವಾಗ ಸ್ವಲ್ಪ ಬಗ್ಗಿ ಓಡ್ಬೇಕಿತ್ತು" ಎಂದ. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನಿಶಾಳಿಗೂ ಅದು ಗೊತ್ತು, ಮುಖ ಅರಳಿತು.

ಹೊರಡುವಾಗ ಕೋಚ್ ಮೇಡಂ ತಮ್ಮ ತಲೆಯ ಮೇಲಿದ್ದ ನೀಲಿ ಟೋಪಿ ತೆಗೆದು ನನ್ನ ಕಡೆ ಎಸೆದರು. ತಂಡದ ಟೋಪಿ, ಮುಂದೆ ಗಿಡುಗನ ಚಿತ್ರವಿದೆ. ನಾನು ಹಿಡಿದೆ, ತಿರುಗಿದೆ, ಪಕ್ಕದಲ್ಲಿ ನಿಂತಿದ್ದ ಶೈಲಜಾಳಿಗೆ ಕೊಟ್ಟೆ.

ಕೊಟ್ಟ ಮೇಲೆ ಗೊತ್ತಾಯಿತು. ಶೈಲಜಾಳಿಗೂ ಗೊತ್ತಾಯಿತು, ಅವಳು ಟೋಪಿ ಹಿಡಿದುಕೊಂಡು ನಗಬೇಕೋ ಬಾರದೋ ಎಂದು ನಿಂತಳು. ಅರವತ್ತೆಂಟು ವರ್ಷದ ಅಭ್ಯಾಸ ಅದು. ಮೀನಿನ ಒಳ್ಳೆಯ ತುಂಡು, ಕಿಟಕಿಯ ಪಕ್ಕದ ಸೀಟು, ನಿಮ್ಮ ಅಜ್ಜ ತಂದ ಎರಡು ಸೀರೆಗಳಲ್ಲಿ ಅಂಚು ಚೆನ್ನಾಗಿದ್ದದ್ದು, ಎಲ್ಲವೂ ನನ್ನ ಕೈಗೆ ಬಂದಿವೆ, ಒಂದೂ ಬಿದ್ದು ಒಡೆದಿಲ್ಲ, ಒಂದೂ ನಿಂತಿಲ್ಲ. ಸಾಲಿನಲ್ಲಿ ನನ್ನ ಮುಂದೆ ಯಾರಾದರೂ ಇದ್ದೇ ಇರುತ್ತಿದ್ದರು. ಏಣಿಯ ಬುಡದಲ್ಲಿ ನಿಂತವಳಿಗೆ ಮಾಡು ಕಾಣುವುದಿಲ್ಲ.

"ಅಜ್ಜಿ," ಎಂದಳು ನಿಶಾ. ಅವಳು ಮೂರು ಬೆರಳು ಎತ್ತಿ, ಮೂರನೆಯದನ್ನು ಮಡಚಿದಳು. "ಹಿಡಿ. ತಿರುಗು. ಖಲಾಸ್." ಅಮ್ಮನ ಕೈಯಿಂದ ಟೋಪಿ ಕಸಿದು ತಂದು ನನ್ನ ತುರುಬಿನ ಮೇಲೆ ಕೂರಿಸಿದಳು.

ಇದಾಗಿ ಮೂರು ದಿನವಾಯಿತು. ಟೋಪಿ ನನ್ನ ಹತ್ತಿರವೇ ಇದೆ, ಇದನ್ನು ಬರೆಯುವಾಗಲೂ ತಲೆಯ ಮೇಲಿದೆ. ನಿನ್ನೆ ಮಾತ್ರ ಒಂದು ಅಪಾಯ ಬಂದಿತ್ತು. ಎದುರಿನ ಫ್ಲ್ಯಾಟಿನ ಮಲಯಾಳಿ ಅಮ್ಮ ಲಿಫ್ಟಿನಲ್ಲಿ ನನ್ನನ್ನು ನೋಡಿ ನಕ್ಕು, ಟೋಪಿಯ ಕಡೆ ಬೆರಳು ತೋರಿಸಿ, ಬಹಳ ಚೆನ್ನಾಗಿದೆ ಎಂದು ಸನ್ನೆ ಮಾಡಿದರು. ನಾನು ಈ ಸಲ ಮಹಡಿಯ ನಂಬರು ನೋಡದೆ ಅವರನ್ನೇ ನೋಡಿ ನಕ್ಕೆ. ಅದೇ ತಪ್ಪಾಯಿತು. ನಗುತ್ತಿರುವಾಗಲೇ ನನ್ನ ಎರಡೂ ಕೈಗಳು ತಾವಾಗಿಯೇ ಮೇಲೆದ್ದು ಟೋಪಿಯ ಅಂಚು ಹಿಡಿದಿದ್ದವು. ಪುಣ್ಯಕ್ಕೆ ಅಷ್ಟರಲ್ಲಿ ಏಳನೆಯ ಮಹಡಿ ಬಂತು. ಕೈಯನ್ನು ಹಾಗೆಯೇ ತಲೆಯ ಮೇಲೆ ಒತ್ತಿ ಹಿಡಿದುಕೊಂಡು, ತಿರುಗಿ, ಓಡಿದೆ. ಇದನ್ನು ಮಾತ್ರ ತನ್ವಿ ಅಭಿನಯ ಮಾಡಬಹುದು.